ಹನ್ನೆರಡು ವರ್ಷ ಮೂರು ತಿಂಗಳ ಮಾತು

(ಚಿತ್ರರಸಿಕರ ಕೂಟವೊಂದರಲ್ಲಿ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ ಚಿತ್ರದ ಪ್ರದರ್ಶನಕ್ಕೆ ಮುನ್ನ ನೀಡಿದ ಉಪನ್ಯಾಸದ ಪಠ್ಯ)



ಒಬ್ಬ ಹುಡುಗ, ಒಬ್ಬಳು ಹುಡುಗಿ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಗಂಟೆಗಟ್ಟಲೆ ಹರಟುತ್ತಿದ್ದರೆ ನೋಡಿದವರಿಗೆಲ್ಲ ಒಂದೇ ಕುತೂಹಲ. ‘ಇವರಿಬ್ಬರ ನಡುವೆ ಏನು ನಡೀತಿದೆ?’ ‘ಏನೂ ಇಲ್ಲ, ನಾವು ಫ್ರೆಂಡ್ಸ್ ಅಷ್ಟೆ’ ಎಂದು ಅವರು ಹೇಳಿದರೆ ಕೇಳಿದವರು ತುಟಿಯಂಚಿನಲ್ಲೇ ನಗುತ್ತಾರೆ. ಆ ‘ಅಷ್ಟೆ’ ಎಂಬ ಪದದ ಮೇಲೆ ಯಾರಿಗೂ ನಂಬಿಕೆಯಿಲ್ಲ. ಸ್ನೇಹವೆಂಬುದು ಪ್ರೇಮಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ಇಂದಲ್ಲ ನಾಳೆ ಇವರು ಮೇಲಕ್ಕೆ ಹತ್ತಲೇಬೇಕು ಎಂಬ ಎಣಿಕೆ ಆ ನಗೆಯ ಹಿಂದಿರುತ್ತದೆ.

ಈ ‘ಅಷ್ಟೆ’ಯನ್ನೇ ವಸ್ತುವಾಗಿಸಿಕೊಂಡ ಚಿತ್ರ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’. 1989ರ ಜುಲೈ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡ ಈ ಚಿತ್ರದ ನಿರ್ದೇಶಕ ರಾಬ್ ರೈನರ್, ಚಿತ್ರಕಥೆ ಬರೆದಾಕೆ ನೋರಾ ಎಫ್ರಾನ್. ಹ್ಯಾರಿಯಾಗಿ ಬಿಲ್ಲಿ ಕ್ರಿಸ್ಟಲ್, ಸ್ಯಾಲಿಯಾಗಿ ಮೆಗ್ ರಯನ್. ಸುಮಾರು 1.6 ಕೋಟಿ ಡಾಲರ್ ವೆಚ್ಚದಲ್ಲಿ ತಯಾರಾದ ಚಿತ್ರ ಅಮೆರಿಕದಲ್ಲೇ 9 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು. ಚಿತ್ರಕಥೆ ಆಸ್ಕರ್‌ಗೆ ನಾಮಕರಣಗೊಂಡಿತು, ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಪಡೆಯಿತು. 2022ರಲ್ಲಿ ಅಮೆರಿಕದ ‘ಲೈಬ್ರರಿ ಆಫ್ ಕಾಂಗ್ರೆಸ್’ ಇದನ್ನು ಕಾಪಿಡಬೇಕಾದ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿಸಿತು.

ಇಷ್ಟೆಲ್ಲ ಮನ್ನಣೆ ಪಡೆದ ಚಿತ್ರದಲ್ಲಿ ಇರುವುದೇನು? ಖಳನಾಯಕನಿಲ್ಲ, ಒಲ್ಲೆನೆನ್ನುವ ತಂದೆಯಿಲ್ಲ, ಬಡವ ಬಲ್ಲಿದ ಎಂಬ ಭೇದವಿಲ್ಲ, ಅಪಘಾತವಿಲ್ಲ, ರಹಸ್ಯವಿಲ್ಲ. ಇಬ್ಬರು ಮಾತಾಡುತ್ತಾರೆ. ಕಾರಿನಲ್ಲಿ, ವಿಮಾನದಲ್ಲಿ, ಪುಸ್ತಕದಂಗಡಿಯಲ್ಲಿ, ಫೋನಿನಲ್ಲಿ ಮಾತಾಡುತ್ತಲೇ ಇರುತ್ತಾರೆ. ಕೊನೆಗೆ ಮದುವೆಯಾಗುತ್ತಾರೆ.

ಚಿತ್ರ ನೋಡುವ ಮೊದಲೇ ಕೊನೆ ಹೇಳಿಬಿಟ್ಟರೆ ಹೇಗೆ ಎಂದು ಯಾರಾದರೂ ಆಕ್ಷೇಪಿಸಬಹುದು. ಚಿತ್ರದ ನಾಯಕ ಹ್ಯಾರಿಗೇ ಇದರಲ್ಲಿ ಆಕ್ಷೇಪವಿಲ್ಲ. ಹೊಸ ಪುಸ್ತಕ ಕೊಂಡರೆ ಆತ ಮೊದಲು ಓದುವುದು ಕೊನೆಯ ಪುಟವನ್ನು. ಓದಿ ಮುಗಿಸುವ ಮೊದಲೇ ಸತ್ತುಹೋದರೆ ಕಥೆಯ ಅಂತ್ಯವಾದರೂ ತಿಳಿದಿರಲಿ ಎಂಬುದು ಆತನ ವಾದ. ಅದೂ ಅಲ್ಲದೆ ಈ ಬಗೆಯ ಚಿತ್ರಗಳಲ್ಲಿ ಊರು ಯಾವುದೆಂಬುದು ಎಲ್ಲರಿಗೂ ಗೊತ್ತು. ನೋಡಬೇಕಾದ್ದು ದಾರಿಯನ್ನು.

ಹದಿನೆಂಟು ಗಂಟೆಯ ಹಾದಿ

ದಾರಿ ಆರಂಭವಾಗುವುದು 1977ರಲ್ಲಿ, ಚಿಕಾಗೋ ವಿಶ್ವವಿದ್ಯಾಲಯದಲ್ಲಿ. ಓದು ಮುಗಿಸಿದ ಸ್ಯಾಲಿ ಆಲ್‌ಬ್ರೈಟ್ ನ್ಯೂಯಾರ್ಕಿಗೆ ಹೊರಟಿದ್ದಾಳೆ. ಅವಳ ಗೆಳತಿಯ ಪ್ರಿಯಕರ ಹ್ಯಾರಿ ಬರ್ನ್ಸ್‌ಗೂ ಅಲ್ಲಿಗೇ ಹೋಗಬೇಕು. ಪೆಟ್ರೋಲ್ ಖರ್ಚು ಹಂಚಿಕೊಳ್ಳಲು ಇಬ್ಬರೂ ಒಂದೇ ಕಾರಿನಲ್ಲಿ ಹೊರಡುತ್ತಾರೆ. ಹದಿನೆಂಟು ಗಂಟೆಯ ಪ್ರಯಾಣ. ಯಾರು ಎಷ್ಟು ಹೊತ್ತು ಕಾರು ನಡೆಸಬೇಕೆಂದು ಸ್ಯಾಲಿ ಮೊದಲೇ ಲೆಕ್ಕ ಹಾಕಿಟ್ಟಿದ್ದಾಳೆ. ಹ್ಯಾರಿ ದ್ರಾಕ್ಷಿ ತಿಂದು ಬೀಜ ಉಗುಳುವಾಗ ಕಿಟಕಿಯ ಗಾಜು ಏರಿಸಿದೆಯೋ ಇಳಿಸಿದೆಯೋ ಎಂದೂ ನೋಡುವವನಲ್ಲ. ಇಬ್ಬರ ಸ್ವಭಾವ ಇಷ್ಟರಲ್ಲೇ ತಿಳಿದುಹೋಗುತ್ತದೆ.

ಹಾದಿಯಲ್ಲಿ ಹ್ಯಾರಿ ತನ್ನ ಸಿದ್ಧಾಂತ ಮಂಡಿಸುತ್ತಾನೆ. ಗಂಡು ಹೆಣ್ಣು ಎಂದೂ ಸ್ನೇಹಿತರಾಗಿರಲಾರರು, ನಡುವೆ ದೇಹದ ಆಕರ್ಷಣೆ ಅಡ್ಡ ಬಂದೇ ಬರುತ್ತದೆ ಎಂಬುದೇ ಅದು. ಹಾಗಾದರೆ ನಾವು ಸ್ನೇಹಿತರಾಗುವುದು ಸಾಧ್ಯವಿಲ್ಲ, ನ್ಯೂಯಾರ್ಕಿನಲ್ಲಿ ನನಗೆ ಗೊತ್ತಿದ್ದವನು ನೀನೊಬ್ಬನೇ, ಏನು ಮಾಡುವುದು ಎನ್ನುತ್ತಾಳೆ ಸ್ಯಾಲಿ. ನ್ಯೂಯಾರ್ಕ್ ತಲುಪಿ ಕೈ ಕುಲುಕಿ ಇಬ್ಬರೂ ಬೇರೆಯಾಗುತ್ತಾರೆ.

ಐದು ವರ್ಷದ ನಂತರ ವಿಮಾನವೊಂದರಲ್ಲಿ ಮತ್ತೆ ಭೇಟಿ. ಈಗ ಸ್ಯಾಲಿಗೆ ಜೋ ಎಂಬ ಗೆಳೆಯನಿದ್ದಾನೆ. ಹ್ಯಾರಿಗೆ ಹೆಲೆನ್ ಜೊತೆ ಮದುವೆ ನಿಶ್ಚಯವಾಗಿದೆ. ಹ್ಯಾರಿ ತನ್ನ ಸಿದ್ಧಾಂತಕ್ಕೆ ತಿದ್ದುಪಡಿ ಸೂಚಿಸುತ್ತಾನೆ, ಅರೆಕ್ಷಣದಲ್ಲಿ ತಾನೇ ಆ ತಿದ್ದುಪಡಿಯನ್ನೂ ರದ್ದು ಮಾಡುತ್ತಾನೆ. ಮತ್ತೆ ಐದು ವರ್ಷ ಉರುಳುತ್ತದೆ. ಜೋ ಸ್ಯಾಲಿಯಿಂದ ದೂರವಾಗಿದ್ದಾನೆ, ಹೆಲೆನ್ ಹ್ಯಾರಿಯನ್ನು ತೊರೆದಿದ್ದಾಳೆ. ಇಬ್ಬರೂ ಪೆಟ್ಟು ತಿಂದವರು. ಪುಸ್ತಕದಂಗಡಿಯಲ್ಲಿ ಎದುರಾದಾಗ ಮೊದಲ ಬಾರಿಗೆ ನಿಜವಾದ ಮಾತುಕತೆ ಶುರುವಾಗುತ್ತದೆ. ಗಂಡು ಹೆಣ್ಣು ಸ್ನೇಹಿತರಾಗಲಾರರು ಎಂದಿದ್ದವನಿಗೆ ಹೆಣ್ಣೊಬ್ಬಳು ಆಪ್ತ ಸ್ನೇಹಿತೆಯಾಗುತ್ತಾಳೆ.

ಹ್ಯಾರಿಯ ಸಿದ್ಧಾಂತ ಎಷ್ಟು ಪ್ರಸಿದ್ಧವಾಯಿತೆಂದರೆ ಅದೇ ಇಡೀ ಚಿತ್ರದ ತೀರ್ಪು ಎಂದು ಅನೇಕರು ನಂಬಿದ್ದಾರೆ. ಆದರೆ ಅದನ್ನು ಹೇಳಿದವನು ಕಾಲೇಜಿನಿಂದ ಆಗತಾನೆ ಹೊರಬಿದ್ದ ಹುಡುಗ. ಜೀವನ ನೋಡದವನ ಜಂಬದ ಮಾತು ಅದು. ಚಿತ್ರದ ಉಳಿದ ಭಾಗ ಆ ಮಾತನ್ನು ನಿಧಾನವಾಗಿ ಪರೀಕ್ಷೆಗೆ ಒಡ್ಡುತ್ತಾ ಹೋಗುತ್ತದೆ.

ಅಡ್ಡಿ ಎಲ್ಲಿದೆ?

ಪ್ರೇಮಹಾಸ್ಯದ ಚಿತ್ರಗಳಿಗೆ ಒಂದು ಹಳೆಯ ಸೂತ್ರವಿದೆ. ಇಬ್ಬರು ಸೇರಬೇಕು, ನಡುವೆ ಅಡ್ಡಿಯೊಂದು ಇರಬೇಕು. ಅಡ್ಡಿ ಗಟ್ಟಿಯಾದಷ್ಟೂ ಕಥೆ ಗಟ್ಟಿ. 1934ರಲ್ಲಿ ಬಂದ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರದಲ್ಲಿ ಆಕೆ ಶ್ರೀಮಂತನ ಮಗಳು, ಆತ ಕೆಲಸ ಕಳೆದುಕೊಂಡ ಪತ್ರಕರ್ತ. 1940ರ ‘ದ ಶಾಪ್ ಅರೌಂಡ್ ದ ಕಾರ್ನರ್’ ಚಿತ್ರದಲ್ಲಿ ಒಂದೇ ಅಂಗಡಿಯಲ್ಲಿ ಜಗಳವಾಡುವ ಇಬ್ಬರು, ತಮಗೇ ತಿಳಿಯದಂತೆ ಒಬ್ಬರಿಗೊಬ್ಬರು ಪ್ರೇಮಪತ್ರ ಬರೆಯುತ್ತಿರುತ್ತಾರೆ.

ಆ ಕಾಲದಲ್ಲಿ ಇನ್ನೊಂದು ಅಡ್ಡಿಯೂ ಇತ್ತು. ಹಾಲಿವುಡ್ ಸ್ಟುಡಿಯೋಗಳು 1934ರಿಂದ 1968ರವರೆಗೆ ‘ಪ್ರೊಡಕ್ಷನ್ ಕೋಡ್’ ಎಂಬ ನೀತಿಸಂಹಿತೆಗೆ ಒಳಪಟ್ಟಿದ್ದವು. ಹಾಸಿಗೆಯ ಮೇಲಿನ ಪ್ರಣಯವನ್ನು ತೋರಿಸುವಂತಿರಲಿಲ್ಲ. ಹಾಗಾಗಿ ಜಾಣ ಬರಹಗಾರರು ಆಕರ್ಷಣೆಯನ್ನೆಲ್ಲ ಮಾತಿನೊಳಗೆ ತುಂಬಿದರು. ನಾಯಕ ನಾಯಕಿ ಮುಟ್ಟಲಾರರು, ಆದ್ದರಿಂದ ವಾದಿಸುತ್ತಾರೆ. ಚಟಪಟ ಸಿಡಿಯುವ ಸಂಭಾಷಣೆ ಆ ಕಾಲದ ಹಾಸ್ಯಚಿತ್ರಗಳ ಜೀವಾಳವಾದದ್ದು ಹೀಗೆ.

1980ರ ದಶಕದ ಹೊತ್ತಿಗೆ ಈ ಅಡ್ಡಿಗಳೆಲ್ಲ ಕರಗಿದ್ದವು. ಸಂಹಿತೆ ಹೋಗಿತ್ತು. ನ್ಯೂಯಾರ್ಕಿನಂಥ ನಗರದಲ್ಲಿ ಮೂವತ್ತು ದಾಟಿದ, ಸ್ವಂತ ಸಂಪಾದನೆಯುಳ್ಳ ಗಂಡು ಹೆಣ್ಣಿಗೆ ಅಪ್ಪ ಅಮ್ಮಂದಿರ ಅಪ್ಪಣೆಯೂ ಬೇಕಿರಲಿಲ್ಲ, ಅಕ್ಕಪಕ್ಕದವರ ಅಂಜಿಕೆಯೂ ಇರಲಿಲ್ಲ. ಇಬ್ಬರೂ ಇಷ್ಟಪಟ್ಟರೆ ಅಂದೇ ಒಂದಾಗಬಹುದು. ಹಾಗಿದ್ದರೆ ಎರಡು ಗಂಟೆ ಕಥೆ ಹೇಳುವುದು ಹೇಗೆ?

ಎಫ್ರಾನ್ ಕಂಡುಕೊಂಡ ಉತ್ತರ ಸರಳವಾಗಿತ್ತು, ಹೊಸದಾಗಿತ್ತು. ಆಕೆ ಸ್ನೇಹವನ್ನೇ ಅಡ್ಡಿಯಾಗಿಸಿದಳು. ಹ್ಯಾರಿ ಸ್ಯಾಲಿಯರನ್ನು ಹೊರಗಿನ ಯಾರೂ ತಡೆಯುವುದಿಲ್ಲ. ತಡೆಯುವುದು ಅವರಿಬ್ಬರಿಗೂ ಬೆಲೆಬಾಳುವ ಆ ಗೆಳೆತನವೇ. ಪ್ರಿಯಕರ ಹೋದರೆ ಇನ್ನೊಬ್ಬ ಸಿಕ್ಕಾನು. ಮಧ್ಯರಾತ್ರಿ ಫೋನು ಮಾಡಿದರೆ ಎತ್ತುವ, ಅತ್ತರೆ ಓಡಿಬರುವ ಸ್ನೇಹಿತ ಹೋದರೆ? ಈ ಹೆದರಿಕೆಯೇ ಚಿತ್ರದ ನಗೆಯ ಅಡಿಯಲ್ಲಿ ಉದ್ದಕ್ಕೂ ಹರಿಯುತ್ತದೆ.

ಸ್ನೇಹ ಯಾರ ಸ್ವತ್ತು?

ಇಂಥದೊಂದು ಅಡ್ಡಿ ನೂರು ವರ್ಷದ ಹಿಂದೆ ಕಥೆಗಾರನಿಗೆ ಹೊಳೆಯುವುದೇ ಕಷ್ಟವಿತ್ತು. ಏಕೆಂದರೆ ಪಶ್ಚಿಮದ ಚಿಂತನೆಯಲ್ಲಿ ಸ್ನೇಹವೆಂಬುದು ಬಹುಕಾಲ ಗಂಡಸರ ಸ್ವತ್ತಾಗಿತ್ತು. ಗ್ರೀಸಿನ ಅರಿಸ್ಟಾಟಲ್ ತನ್ನ ನೀತಿಗ್ರಂಥದಲ್ಲಿ ಸ್ನೇಹಕ್ಕೆಂದೇ ಎರಡು ಭಾಗಗಳನ್ನು ಮೀಸಲಿಟ್ಟ. ಅವನ ಕಣ್ಣ ಮುಂದಿದ್ದ ಉತ್ತಮ ಸ್ನೇಹದ ಮಾದರಿ ಸಮಾನ ಗುಣದ ಇಬ್ಬರು ಪುರುಷರದು. ಹದಿನಾರನೆಯ ಶತಮಾನದ ಫ್ರೆಂಚ್ ಪ್ರಬಂಧಕಾರ ಮೊಂಟೇನ್ ಇನ್ನೂ ಮುಂದೆ ಹೋಗಿ, ಇಂಥ ಗಾಢ ಸ್ನೇಹದ ಭಾರ ಹೊರುವ ಶಕ್ತಿ ಸ್ತ್ರೀಯರಿಗಿಲ್ಲವೆಂದೇ ಬರೆದ.

ಇದಕ್ಕೆ ಅಪವಾದಗಳು ಇದ್ದೇ ಇದ್ದವು. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1830ರಲ್ಲಿ ಹ್ಯಾರಿಯೆಟ್ ಟೇಲರ್ ಎಂಬಾಕೆಯನ್ನು ಕಂಡ. ಆಕೆ ವಿವಾಹಿತೆ. ಇಪ್ಪತ್ತು ವರ್ಷ ಅವರ ನಡುವೆ ನಡೆದದ್ದು ವಿಚಾರ ವಿನಿಮಯ, ಪತ್ರ, ಓದು, ಬರಹ. ಊರಿನ ಬಾಯಿ ಸುಮ್ಮನಿರಲಿಲ್ಲ. ಆಕೆಯ ಪತಿ 1849ರಲ್ಲಿ ತೀರಿಕೊಂಡ ಮೇಲೆ 1851ರಲ್ಲಿ ಇಬ್ಬರೂ ಮದುವೆಯಾದರು. ಹೆಣ್ಣು ಗಂಡಿಗೆ ಸಮಾನಳಾಗದೆ ದಾಂಪತ್ಯವೂ ಸುಖಕರವಾಗದು ಎಂದು ಮಿಲ್ ಮುಂದೆ ಬರೆದಾಗ ಅದರ ಹಿಂದೆ ಈ ದೀರ್ಘ ಒಡನಾಟದ ಅನುಭವವಿತ್ತು.

ಅಪವಾದ ನಿತ್ಯದ ಸಂಗತಿಯಾಗಲು ಹೆಣ್ಣುಮಕ್ಕಳು ಕಾಲೇಜಿಗೆ, ಕಚೇರಿಗೆ ದೊಡ್ಡ ಸಂಖ್ಯೆಯಲ್ಲಿ ಬರಬೇಕಾಯಿತು. ಅಮೆರಿಕದಲ್ಲಿ ಈ ಬದಲಾವಣೆ 1960 ಮತ್ತು 70ರ ದಶಕಗಳಲ್ಲಿ ಬಿರುಸಾಯಿತು. ಪಕ್ಕದ ಮೇಜಿನಲ್ಲಿ ಕೂತು ಕೆಲಸ ಮಾಡುವವಳು, ಊಟದ ಡಬ್ಬಿ ಬಿಚ್ಚಿ ಮಾತಾಡುವವಳು ತಂಗಿಯಲ್ಲ, ಪತ್ನಿಯಲ್ಲ, ಪ್ರೇಯಸಿಯೂ ಅಲ್ಲ. ಹಾಗಾದರೆ ಯಾರು? ಸ್ಯಾಲಿ ಪತ್ರಕರ್ತೆ, ಹ್ಯಾರಿ ರಾಜಕೀಯ ಸಲಹೆಗಾರ. ಈ ಹೊಸ ಕಾಲದ ಮಕ್ಕಳಿಗೆ ಹಳೆಯ ಪ್ರಶ್ನೆಯೇ ಹೊಸದಾಗಿ ಎದುರಾದದ್ದರಲ್ಲಿ ಆಶ್ಚರ್ಯವಿಲ್ಲ.

ಊಟದ ಮೇಜಿನಿಂದ ಎದ್ದುಬಂದ ಕಥೆ

ಚಿತ್ರ ಹುಟ್ಟಿದ್ದೂ ಇಂಥದೊಂದು ಮಾತುಕತೆಯಲ್ಲೇ. 1980ರ ದಶಕದ ನಡುವೆ ರೈನರ್ ಮತ್ತು ಆತನ ನಿರ್ಮಾಪಕ ಮಿತ್ರ ಆಂಡ್ರ್ಯೂ ಶೈನ್‌ಮನ್ ನ್ಯೂಯಾರ್ಕಿನಲ್ಲಿ ನೋರಾ ಎಫ್ರಾನ್‌ಳನ್ನು ಊಟಕ್ಕೆ ಕರೆದರು. ಅವರು ತಂದಿದ್ದ ಕಥೆಯ ಎಳೆ ಆಕೆಗೆ ಹಿಡಿಸಲಿಲ್ಲ. ಊಟ ಮಾತ್ರ ಮುಗಿದಿರಲಿಲ್ಲ. ಮಾತು ಸ್ವಂತ ಬದುಕಿನತ್ತ ಹೊರಳಿತು. ರೈನರ್‌ನ ಮೊದಲ ವಿವಾಹ 1981ರಲ್ಲಿ ಮುರಿದಿತ್ತು. ಒಂಟಿ ಗಂಡಸಾಗಿ ತಾನು ಅನುಭವಿಸಿದ ಪೇಚು, ಬೇಸರಗಳನ್ನು ಆತ ಹೇಳುತ್ತಾ ಹೋದ. ಆ ಖಿನ್ನತೆ, ಆ ವಕ್ರ ಹಾಸ್ಯ ಎಲ್ಲವೂ ಮುಂದೆ ಹ್ಯಾರಿಗೆ ಸಂದವು.

ಎಫ್ರಾನ್ ಕೂಡ ಸಾಮಾನ್ಯಳಲ್ಲ. ತಂದೆ ತಾಯಿ ಇಬ್ಬರೂ ಹಾಲಿವುಡ್‌ನ ಚಿತ್ರಕಥೆಗಾರರು. ಬದುಕಿನಲ್ಲಿ ಏನೇ ಆದರೂ ಅದು ಬರವಣಿಗೆಗೆ ಸರಕು ಎಂಬುದು ತಾಯಿ ಕಲಿಸಿದ ಪಾಠ. ‘ನ್ಯೂಯಾರ್ಕ್ ಪೋಸ್ಟ್’ ಪತ್ರಿಕೆಯ ವರದಿಗಾರ್ತಿಯಾಗಿ ವೃತ್ತಿ ಆರಂಭಿಸಿದ ಆಕೆ ಮೊನಚಾದ ಪ್ರಬಂಧಗಳಿಂದ ಹೆಸರಾದಳು. ವಾಟರ್‌ಗೇಟ್ ಹಗರಣ ಬಯಲಿಗೆಳೆದ ಕಾರ್ಲ್ ಬರ್ನ್‌ಸ್ಟೀನ್‌ನೊಂದಿಗಿನ ತನ್ನ ದಾಂಪತ್ಯ ಮುರಿದುಬಿದ್ದಾಗ ಅದನ್ನೇ ‘ಹಾರ್ಟ್‌ಬರ್ನ್’ ಎಂಬ ಕಾದಂಬರಿಯಾಗಿಸಿ 1983ರಲ್ಲಿ ಪ್ರಕಟಿಸಿದಳು. ಪತ್ರಕರ್ತೆಯ ಕಿವಿ ಆಕೆಯದು. ಜನ ಹೇಗೆ ಮಾತಾಡುತ್ತಾರೋ ಹಾಗೆ ಬರೆಯಬಲ್ಲವಳಾಗಿದ್ದಳು.

ಚಿತ್ರದಲ್ಲಿ ಸ್ಯಾಲಿ ಹೋಟೆಲಿನಲ್ಲಿ ತಿಂಡಿ ಹೇಳುವ ರೀತಿಯೇ ಒಂದು ಪ್ರಸಂಗ. ಆಪಲ್ ಪೈ ಬಿಸಿಯಾಗಿರಲಿ, ಐಸ್‌ಕ್ರೀಂ ಮೇಲೆ ಹಾಕಬೇಡಿ, ಪಕ್ಕದಲ್ಲಿ ಕೊಡಿ, ವೆನಿಲಾ ಬೇಡ, ಸ್ಟ್ರಾಬೆರಿ ಇದ್ದರೆ ಕೊಡಿ, ಇಲ್ಲದಿದ್ದರೆ ಅದೂ ಬೇಡ... ಹೀಗೆ ಮುಗಿಯದ ಷರತ್ತುಗಳು. ‘ಇಡ್ಲಿಗೆ ಸಾಂಬಾರ್ ಡಿಪ್ ಬೇಡ, ಬೇರೆ ಕೊಡಿ, ಚಟ್ನಿ ಇನ್ನೊಂದು ಬಟ್ಟಲಲ್ಲಿ’ ಎನ್ನುವವರು ಬೆಂಗಳೂರಿನ ದರ್ಶಿನಿಗಳಲ್ಲೂ ಸಿಗುತ್ತಾರಲ್ಲ, ಆ ಜಾತಿ. ಇದು ಎಫ್ರಾನ್‌ಳದೇ ಅಭ್ಯಾಸ. ಒಟ್ಟಿಗೆ ಊಟ ಮಾಡುವಾಗ ರೈನರ್ ಗಮನಿಸಿ ಚಿತ್ರಕ್ಕೆ ಸೇರಿಸಲು ಹಟ ಹಿಡಿದ.

ನ್ಯೂಯಾರ್ಕಿನ ಕ್ಯಾಟ್ಜ್ ಡೆಲಿ ಎಂಬ ಹಳೆಯ ಹೋಟೆಲಿನಲ್ಲಿ ನಡೆಯುವ ಜಗತ್ಪ್ರಸಿದ್ಧ ದೃಶ್ಯದ ಕಥೆಯೂ ಹೀಗೇ. ಗಂಡು ಹೆಣ್ಣಿನ ಮಿಲನದಲ್ಲಿ ಹೆಣ್ಣು ಸುಖವನ್ನು ನಟಿಸುವುದುಂಟು ಎಂದು ಎಫ್ರಾನ್ ಹೇಳಿದಾಗ ರೈನರ್ ನಂಬಲಿಲ್ಲ. ಕಚೇರಿಯಲ್ಲಿದ್ದ ಮಹಿಳೆಯರನ್ನೇ ಕೇಳಿ ನೋಡಿದ, ದಂಗಾದ. ಬರಹದಲ್ಲಿ ಅದು ಬರೀ ಚರ್ಚೆಯಾಗಿತ್ತು. ತುಂಬಿದ ಹೋಟೆಲಿನಲ್ಲಿ ಸ್ಯಾಲಿ ಅದನ್ನು ನಟಿಸಿಯೇ ತೋರಿಸಲಿ ಎಂದವಳು ಮೆಗ್ ರಯನ್. ಪಕ್ಕದ ಮೇಜಿನ ಹಿರಿಯಾಕೆ ಆಕೆ ತಿಂದದ್ದನ್ನೇ ನನಗೂ ಕೊಡಿ ಎಂದು ಕೇಳುವ ಮಾತನ್ನು ಸೂಚಿಸಿದವನು ಬಿಲ್ಲಿ ಕ್ರಿಸ್ಟಲ್. ಆ ಮಾತು ಹೇಳಿದಾಕೆ ನಿರ್ದೇಶಕನ ಸ್ವಂತ ತಾಯಿ ಎಸ್ಟೆಲ್ ರೈನರ್! ಆ ಮೇಜಿನ ಮೇಲೆ ಈ ದೃಶ್ಯವನ್ನು ನೆನಪಿಸುವ ಫಲಕ ತೂಗುಹಾಕಲಾಗಿದೆ.

ಜನ ನಕ್ಕು ಮರೆಯುವ ಈ ದೃಶ್ಯದಲ್ಲಿ ಒಂದು ಸೂಕ್ಷ್ಮವಿದೆ. ಸ್ಯಾಲಿ ಇದನ್ನು ತೋರಿಸುವುದು ಪ್ರಿಯಕರನಿಗಲ್ಲ. ಪ್ರಿಯಕರನಿಗೆ ಯಾವ ಹೆಣ್ಣೂ ಇದನ್ನು ತೋರಿಸಲಾರಳು. ಸ್ನೇಹಿತನಾದ್ದರಿಂದಲೇ ಹ್ಯಾರಿಗೆ ಈ ಸತ್ಯ ತಿಳಿಯಿತು. ಪ್ರೇಮದಲ್ಲಿ ಇರುವ ನಟನೆ ಸ್ನೇಹದಲ್ಲಿ ಬೇಕಿಲ್ಲ ಎಂಬುದನ್ನು ಚಿತ್ರ ಇಷ್ಟು ಗದ್ದಲದ ಹಾಸ್ಯದಲ್ಲಿ ಹೇಳಿಬಿಡುತ್ತದೆ.

ಎರಡು ಹಾಸಿಗೆ, ಒಂದು ಸಿನಿಮಾ

ಗೆಳೆತನವನ್ನು ತೆರೆಯ ಮೇಲೆ ತೋರಿಸುವುದು ಸುಲಭವಲ್ಲ. ಪ್ರೇಮಕ್ಕೆ ಹಾಡಿದೆ, ಅಪ್ಪುಗೆಯಿದೆ. ಗೆಳೆತನಕ್ಕೆ ಏನಿದೆ? ರೈನರ್ ಇಲ್ಲಿ ಚಿಕ್ಕ ಚಿಕ್ಕ ಕೆಲಸಗಳನ್ನು ಆಯ್ದುಕೊಂಡ. ಇಬ್ಬರೂ ಸೇರಿ ಕ್ರಿಸ್‌ಮಸ್ ಮರ ಹೊತ್ತು ತರುತ್ತಾರೆ. ಮ್ಯೂಸಿಯಮ್ಮಿನಲ್ಲಿ ವಿಚಿತ್ರ ದನಿ ತೆಗೆದು ಒಬ್ಬರನ್ನೊಬ್ಬರು ನಗಿಸುತ್ತಾರೆ. ಆ ದನಿ ಕ್ರಿಸ್ಟಲ್ ಸ್ಥಳದಲ್ಲೇ ಹೊಳೆದು ಮಾಡಿದ್ದು. ಏನು ಮಾಡಬೇಕೆಂದು ತೋಚದೆ ಮೆಗ್ ರಯನ್ ಒಂದು ಕ್ಷಣ ಕ್ಯಾಮೆರಾದ ಆಚೆಗಿದ್ದ ನಿರ್ದೇಶಕನತ್ತ ನೋಡುವುದು ಚಿತ್ರದಲ್ಲಿ ಹಾಗೇ ಉಳಿದಿದೆ.

ಇನ್ನೊಂದು ದೃಶ್ಯದಲ್ಲಿ ತೆರೆ ಎರಡು ಭಾಗವಾಗಿದೆ. ಎಡಕ್ಕೊಂದು ಹಾಸಿಗೆ, ಬಲಕ್ಕೊಂದು ಹಾಸಿಗೆ. ಇಬ್ಬರೂ ತಂತಮ್ಮ ಮನೆಯಲ್ಲಿ ಮಲಗಿ, ಫೋನು ಹಿಡಿದು, ಟಿ.ವಿ.ಯಲ್ಲಿ ‘ಕಾಸಾಬ್ಲಾಂಕಾ’ ನೋಡುತ್ತಿದ್ದಾರೆ. ನೋಡುವವರ ಕಣ್ಣಿಗೆ ಒಂದೇ ಮಂಚದ ಮೇಲೆ ಮಲಗಿದ ದಂಪತಿಗಳಂತೆ ಕಾಣುತ್ತಾರೆ. 1959ರ ‘ಪಿಲ್ಲೋ ಟಾಕ್’ ಚಿತ್ರದಲ್ಲೂ ತೆರೆಯನ್ನು ಹೀಗೆ ಸೀಳಿ ಫೋನಿನಲ್ಲಿ ಮಾತಾಡುವ ಜೋಡಿಯನ್ನು ಅಕ್ಕಪಕ್ಕ ತೋರಿಸಿದ್ದುಂಟು. ಅಂದು ಆ ಗೆರೆ ಸಂಹಿತೆಯ ಕಾಲದ ಸಂಕೋಚಕ್ಕೂ ಒದಗಿತ್ತು. ಹ್ಯಾರಿ ಸ್ಯಾಲಿಯರ ನಡುವಿನ ಗೆರೆ ಅವರೇ ಎಳೆದುಕೊಂಡದ್ದು.

ಆ ಗೆರೆ ಅಳಿಸುವುದು ಒಂದು ದುಃಖದ ರಾತ್ರಿ. ಮದುವೆಯೇ ಬೇಡವೆನ್ನುತ್ತಿದ್ದ ಜೋ ಬೇರೊಬ್ಬಳನ್ನು ಮದುವೆಯಾಗುತ್ತಿದ್ದಾನೆಂದು ಸ್ಯಾಲಿಗೆ ತಿಳಿಯುತ್ತದೆ. ಆತನಿಗೆ ಬೇಡವಾದದ್ದು ಮದುವೆಯಲ್ಲ, ತಾನು ಎಂಬ ಅರಿವು ಆಕೆಯನ್ನು ಚುಚ್ಚುತ್ತದೆ. ಫೋನು ಮಾಡುತ್ತಾಳೆ. ಹ್ಯಾರಿ ಓಡಿಬರುತ್ತಾನೆ. ಸಾಂತ್ವನ ಅಪ್ಪುಗೆಯಾಗಿ, ಅಪ್ಪುಗೆ ಮುಂದುವರಿಯುತ್ತದೆ. ಬೆಳಗಾಗುವಾಗ ಸ್ಯಾಲಿಯ ಮುಖದಲ್ಲಿ ಸಂತೋಷ, ಹ್ಯಾರಿಯ ಮುಖದಲ್ಲಿ ಗಾಬರಿ.

ಮರುದಿನ ಇಬ್ಬರೂ ಮಾಡುವ ಮೊದಲ ಕೆಲಸ ತಮ್ಮ ತಮ್ಮ ಆಪ್ತರಿಗೆ ಫೋನು ಮಾಡುವುದು. ಹ್ಯಾರಿಯ ಮಿತ್ರ ಜೆಸ್ (ಬ್ರೂನೋ ಕರ್ಬಿ), ಸ್ಯಾಲಿಯ ಗೆಳತಿ ಮೇರಿ (ಕ್ಯಾರಿ ಫಿಶರ್) ಒಂದೇ ಹಾಸಿಗೆಯಲ್ಲಿ ಕೂತು ಎರಡು ಫೋನುಗಳಲ್ಲಿ ಮಾತಾಡುತ್ತಾರೆ. ಮೂರು ಸೆಟ್‌ಗಳಲ್ಲಿ ನಾಲ್ವರು ನಟರು ಏಕಕಾಲಕ್ಕೆ, ಒಂದಕ್ಷರ ತಪ್ಪದೆ ಮಾತಾಡಬೇಕಾಗಿದ್ದ ಈ ದೃಶ್ಯವನ್ನು ಸುಮಾರು ಅರವತ್ತು ಸಲ ಚಿತ್ರೀಕರಿಸಬೇಕಾಯಿತು. ಕೊನೆಯಲ್ಲಿ ಒಬ್ಬನ ನಾಲಿಗೆ ತೊಡರಿದರೂ ಮತ್ತೆ ಮೊದಲಿನಿಂದ!

ಈ ದೃಶ್ಯಕ್ಕೆ ಎಲ್ಲರೂ ನಗುತ್ತಾರೆ. ಆದರೆ ಅಲ್ಲೊಂದು ನಷ್ಟವಾಗಿದೆ. ನಿನ್ನೆಯವರೆಗೆ ಹ್ಯಾರಿಗೆ ಏನಾದರೂ ಆದರೆ ಸ್ಯಾಲಿಗೆ ಹೇಳುತ್ತಿದ್ದ, ಸ್ಯಾಲಿ ಹ್ಯಾರಿಗೆ ಹೇಳುತ್ತಿದ್ದಳು. ಇಂದು ಬದುಕಿನ ಅತಿ ಮುಖ್ಯ ಸಂಗತಿಯನ್ನು ಇಬ್ಬರೂ ಬೇರೆಯವರಿಗೆ ಹೇಳಬೇಕಾಗಿದೆ. ಮುಂದಿನ ಕ್ರಿಸ್‌ಮಸ್‌ಗೆ ಸ್ಯಾಲಿ ಮರವನ್ನು ಹಿಮದಲ್ಲಿ ಒಬ್ಬಳೇ ಎಳೆದುಕೊಂಡು ಹೋಗುತ್ತಾಳೆ. ಸ್ನೇಹ ಮುರಿದರೆ ಏನಾಗುತ್ತದೆ ಎಂಬುದಕ್ಕೆ ಚಿತ್ರ ಬೇರೆ ವಿವರಣೆ ಕೊಡುವುದಿಲ್ಲ.

ಬದಲಾದ ಕೊನೆ

ಹೆಚ್ಚಿನವರಿಗೆ ತಿಳಿಯದ ಸಂಗತಿಯೆಂದರೆ, ಮೊದಲು ಬರೆದ ಚಿತ್ರಕಥೆಯಲ್ಲಿ ಹ್ಯಾರಿ ಸ್ಯಾಲಿ ಒಂದಾಗುವುದಿಲ್ಲ. ಒಬ್ಬರ ಗಾಯ ಆರಲು ಇನ್ನೊಬ್ಬರು ನೆರವಾಗಿ, ತಂತಮ್ಮ ದಾರಿ ಹಿಡಿಯುತ್ತಾರೆ. ರೈನರ್ ಮತ್ತು ಎಫ್ರಾನ್ ಇಬ್ಬರಿಗೂ ಅದೇ ಬದುಕಿಗೆ ಹತ್ತಿರವಾದ ಕೊನೆ ಎನಿಸಿತ್ತು. ವರ್ಷಗಟ್ಟಲೆ ಒಂಟಿಯಾಗಿ ಅಲೆದಿದ್ದ ರೈನರ್‌ಗೆ ಸುಖಾಂತ್ಯದಲ್ಲಿ ವಿಶ್ವಾಸ ಉಳಿದಿರಲಿಲ್ಲ.

ಅಷ್ಟರಲ್ಲಿ ಚಿತ್ರೀಕರಣದ ವೇಳೆಯಲ್ಲೇ ಆತನಿಗೆ ಮಿಶೆಲ್ ಸಿಂಗರ್ ಎಂಬ ಛಾಯಾಗ್ರಾಹಕಿಯ ಪರಿಚಯವಾಯಿತು. ಪರಿಚಯ ಪ್ರೇಮವಾಯಿತು. ಚಿತ್ರದ ಕೊನೆ ಬದಲಾಯಿತು. ಹೊಸ ವರ್ಷದ ಹಿಂದಿನ ರಾತ್ರಿ ಹ್ಯಾರಿ ನ್ಯೂಯಾರ್ಕಿನ ಬೀದಿಗಳಲ್ಲಿ ಓಡುತ್ತಾ ಬಂದು ಸ್ಯಾಲಿಯ ಎದುರು ನಿಲ್ಲುವ ದೃಶ್ಯ ಹುಟ್ಟಿದ್ದು ಹಾಗೆ. 1989ರಲ್ಲಿ, ಚಿತ್ರ ತೆರೆಕಂಡ ವರ್ಷವೇ, ರೈನರ್ ಮತ್ತು ಮಿಶೆಲ್ ಮದುವೆಯಾದರು. ಮೂವತ್ತಾರು ವರ್ಷದ ದಾಂಪತ್ಯ ಅದು. 2025ರ ಡಿಸೆಂಬರಿನಲ್ಲಿ ಇಬ್ಬರೂ ಲಾಸ್ ಏಂಜಲೀಸಿನ ತಮ್ಮ ಮನೆಯಲ್ಲಿ ಕೊಲೆಗೀಡಾದ ಸುದ್ದಿ ಬಂದಾಗ, ಆ ಬೀದಿಯ ಓಟವನ್ನು ನೆನೆದು ಮರುಗಿದವರು ಅನೇಕರು. ನೋರಾ ಎಫ್ರಾನ್ 2012ರಲ್ಲೇ ತೀರಿಕೊಂಡಿದ್ದಳು.

ಹಾಗಾದರೆ ಹ್ಯಾರಿಯ ಪ್ರಶ್ನೆಗೆ ಚಿತ್ರದ ಉತ್ತರವೇನು? ಕೊನೆಗೆ ಮದುವೆಯಾದರಲ್ಲ, ಆದ್ದರಿಂದ ಗಂಡು ಹೆಣ್ಣು ಸ್ನೇಹಿತರಾಗಿ ಉಳಿಯಲಾರರು ಎಂದು ಹ್ಯಾರಿ ಹೇಳಿದ್ದೇ ನಿಜವಾಯಿತು ಎನ್ನುವವರಿದ್ದಾರೆ. ಎಫ್ರಾನ್ ಮಾತ್ರ ಈ ಪ್ರಶ್ನೆಯನ್ನು ಅಷ್ಟು ದೊಡ್ಡದು ಮಾಡಲಿಲ್ಲ. ಗಂಡು ಹೆಣ್ಣು ಒಬ್ಬರಿಂದೊಬ್ಬರು ಎಷ್ಟು ಭಿನ್ನ ಎಂಬುದೇ ಚಿತ್ರದ ನಿಜವಾದ ವಿಷಯ ಎಂದು ಆಕೆ ಮುಂದೆ ಬರೆದಳು.

ಕೊನೆಯ ದೃಶ್ಯವನ್ನು ಗಮನವಿಟ್ಟು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಹ್ಯಾರಿ ಸ್ಯಾಲಿಯ ಕಣ್ಣು, ಕೂದಲನ್ನು ಹೊಗಳುವುದಿಲ್ಲ. ಬಿಸಿಲಿದ್ದರೂ ಅವಳಿಗೆ ಚಳಿಯಾಗುವುದು, ಒಂದು ಸ್ಯಾಂಡ್‌ವಿಚ್ ಹೇಳಲು ಗಂಟೆಗಟ್ಟಲೆ ತೆಗೆದುಕೊಳ್ಳುವುದು, ಹುಬ್ಬು ಗಂಟಿಕ್ಕುವುದು ಇವನ್ನೆಲ್ಲ ಒಂದೊಂದಾಗಿ ಹೇಳುತ್ತಾನೆ. ಇವು ಆಕರ್ಷಣೆಯಿಂದ ತಿಳಿದ ವಿವರಗಳಲ್ಲ. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಉಂಡು, ನಡೆದು, ಹರಟಿ ತಿಳಿದವು. ಸ್ನೇಹವನ್ನು ದಾಟಿ ಪ್ರೇಮಕ್ಕೆ ಬಂದವನ ಮಾತಲ್ಲ ಇದು. ಸ್ನೇಹವನ್ನು ಜೊತೆಗೇ ಹೊತ್ತು ತಂದವನ ಮಾತು.

ಸೂತ್ರವಾದ ಪ್ರಶ್ನೆ

ಚಿತ್ರದ ಯಶಸ್ಸು ಹೊಸದೊಂದು ಸೂತ್ರವನ್ನೇ ಹುಟ್ಟುಹಾಕಿತು. ಮೊದಲು ಗೆಳೆತನ, ಆಮೇಲೆ ಪ್ರೇಮ ಎಂಬ ಎಳೆಯ ಚಿತ್ರಗಳು ಸಾಲುಗಟ್ಟಿ ಬಂದವು. ಎಫ್ರಾನ್ ತಾನೇ ನಿರ್ದೇಶಕಿಯಾಗಿ 1993ರಲ್ಲಿ ‘ಸ್ಲೀಪ್‌ಲೆಸ್ ಇನ್ ಸಿಯಾಟಲ್’, 1998ರಲ್ಲಿ ‘ಯೂ ಹ್ಯಾವ್ ಗಾಟ್ ಮೇಲ್’ ಎಂಬ ಪ್ರೇಮಹಾಸ್ಯದ ಚಿತ್ರಗಳನ್ನು ಮಾಡಿದಳು. ಎರಡರಲ್ಲೂ ಮೆಗ್ ರಯನ್ನೇ ನಾಯಕಿ.

ಕುತೂಹಲದ ಸಂಗತಿಯೆಂದರೆ ಅದೇ 1989ರ ಡಿಸೆಂಬರ್ ಕೊನೆಯಲ್ಲಿ ಭಾರತದಲ್ಲಿ ತೆರೆಕಂಡ ಹಿಂದಿ ಚಿತ್ರ ‘ಮೈನೆ ಪ್ಯಾರ್ ಕಿಯಾ’ದಲ್ಲೂ ಹುಡುಗ ಹುಡುಗಿ ಎಂದೂ ಸ್ನೇಹಿತರಾಗಲಾರರು ಎಂಬ ಮಾತು ಬರುತ್ತದೆ. ಒಂದನ್ನು ನೋಡಿ ಇನ್ನೊಂದು ಬರೆದದ್ದೆಂದು ಹೇಳಲು ಆಧಾರವಿಲ್ಲ. ಎರಡು ಸಮಾಜಗಳಲ್ಲೂ ಆ ಪ್ರಶ್ನೆ ಗಾಳಿಯಲ್ಲಿತ್ತು ಎನ್ನಬಹುದು. ವ್ಯತ್ಯಾಸ ಮಾತ್ರ ದೊಡ್ಡದು. ಹಿಂದಿ ಚಿತ್ರದಲ್ಲಿ ಆ ಮಾತು ಚುಚ್ಚುನುಡಿ. ಅಲ್ಲಿ ಅಪ್ಪಂದಿರಿದ್ದಾರೆ, ಅಂತಸ್ತಿನ ಗೋಡೆಯಿದೆ. ಸಂಶಯಪಡುವುದು ಸಮಾಜ. ಹ್ಯಾರಿಯ ನ್ಯೂಯಾರ್ಕಿನಲ್ಲಿ ಸಂಶಯ ಸ್ನೇಹಿತರ ಎದೆಯೊಳಗೇ ಇದೆ. 2004ರಲ್ಲಿ ಬಂದ ಕುನಾಲ್ ಕೊಹ್ಲಿಯ ‘ಹಮ್ ತುಮ್’ ನೇರವಾಗಿ ಹ್ಯಾರಿ ಸ್ಯಾಲಿಯರ ಹಾದಿಯನ್ನೇ ಹಿಡಿಯಿತು. ವಿಮಾನದಲ್ಲಿ ಭೇಟಿ, ವರ್ಷಗಳ ಅಂತರ, ಜಗಳ, ಗೆಳೆತನ ಎಲ್ಲವೂ ಅಲ್ಲಿದ್ದವು. ನಾಯಕ ಸೈಫ್ ಅಲಿ ಖಾನ್‌ಗೆ ಅದು ರಾಷ್ಟ್ರಪ್ರಶಸ್ತಿಯನ್ನೂ ತಂದಿತು.

ಸೂತ್ರವಾದಾಗ ಕಳೆದುಹೋದದ್ದೂ ಒಂದಿದೆ. ಮೊದಲ ಚಿತ್ರಕಥೆಯ ಆ ಹ್ಯಾರಿ ಮತ್ತು ಸ್ಯಾಲಿ, ಮದುವೆಯಾಗದೆ, ಆದರೂ ಒಬ್ಬರಿಗೊಬ್ಬರು ಆಗಿಬಂದವರು, ತೆರೆಯ ಮೇಲೆ ಬರಲೇ ಇಲ್ಲ. ಬದುಕಿನಲ್ಲಿ ಅಂಥವರು ಇದ್ದಾರೆ. ಕಚೇರಿಯಲ್ಲಿ, ನೆರೆಮನೆಯಲ್ಲಿ, ನಾಟಕ ತಂಡದಲ್ಲಿ ಇಪ್ಪತ್ತು ಮೂವತ್ತು ವರ್ಷ ‘ಅಷ್ಟೆ’ ಎಂಬ ಪದಕ್ಕೆ ನಿಷ್ಠರಾಗಿ ಉಳಿದವರು. ಪ್ರತಿ ಚಿತ್ರವೂ ಗೆಳೆಯರಿಬ್ಬರನ್ನು ಮಂಟಪಕ್ಕೆ ಕರೆದೊಯ್ದರೆ, ಕ್ಯಾಂಟೀನಿನ ಮೂಲೆಯ ಆ ಹುಡುಗ ಹುಡುಗಿಯನ್ನು ನೋಡಿ ನಗುವವರ ನಗೆ ಇನ್ನಷ್ಟು ಗಟ್ಟಿಯಾಗುತ್ತದೆ.

ಏಳನೆಯ ಹೆಜ್ಜೆ

ಚಿತ್ರದ ನಡುನಡುವೆ ವಯಸ್ಸಾದ ದಂಪತಿಗಳು ಸೋಫಾದಲ್ಲಿ ಕೂತು ತಾವು ಹೇಗೆ ಜೊತೆಯಾದೆವೆಂದು ಹೇಳುತ್ತಾರೆ. ನಿಜವಾದ ದಂಪತಿಗಳಿಂದ ಸಂಗ್ರಹಿಸಿದ ಅನುಭವಗಳನ್ನು ಇಲ್ಲಿ ನಟನಟಿಯರು ಹೇಳಿದ್ದಾರೆ. ಅವರಲ್ಲೊಬ್ಬ ಚೀನೀ ಮೂಲದ ಅಜ್ಜ. ಹಿರಿಯರು ಗೊತ್ತುಮಾಡಿದ ಮದುವೆ. ಹುಡುಗಿ ಹೇಗಿದ್ದಾಳೋ ನೋಡೋಣವೆಂದು ಕದ್ದು ಆಕೆಯ ಹಳ್ಳಿಗೆ ಹೋಗಿ, ಮರದ ಮರೆಯಲ್ಲಿ ನಿಂತು, ಬಟ್ಟೆ ಒಗೆಯುತ್ತಿದ್ದವಳನ್ನು ಕಂಡು ಒಪ್ಪಿದ್ದಾಗಿ ಆತ ಹೇಳುತ್ತಾನೆ. ಪಕ್ಕದಲ್ಲಿ ಅಜ್ಜಿ ಸುಮ್ಮನೆ ಕೂತಿದ್ದಾಳೆ. ಐವತ್ತೈದು ವರ್ಷದ ಸಂಸಾರ! ಈ ಕಥೆ ಕೇಳಲು ಕರ್ನಾಟಕದವರು ನ್ಯೂಯಾರ್ಕಿಗೆ ಹೋಗಬೇಕಿಲ್ಲ. ಇಲ್ಲಿನ ಮನೆಮನೆಯಲ್ಲೂ ಇಂಥ ಅಜ್ಜ ಅಜ್ಜಿಯರಿದ್ದರು. ಅವರಿಗೆ ಮದುವೆ ಮೊದಲು ಬಂತು, ಗೆಳೆತನ ನಿಧಾನವಾಗಿ ಹಿಂದಿನಿಂದ ಬಂತು. ಸಪ್ತಪದಿಯ ಏಳನೆಯ ಹೆಜ್ಜೆ ಸಖ್ಯಕ್ಕೆ, ಅಂದರೆ ಸ್ನೇಹಕ್ಕೆ ಮೀಸಲು. ಅನ್ನ, ಬಲ, ಸಂತಾನ ಎಲ್ಲವನ್ನೂ ಕೇಳಿಕೊಂಡ ಮೇಲೆ ಕೊನೆಯದಾಗಿ ವಧುವನ್ನು ಸಖಿಯಾಗೆಂದು ಕೇಳುವ ಕ್ರಮ ಅದು. ಹ್ಯಾರಿ ಮತ್ತು ಸ್ಯಾಲಿ ಆ ಏಳನೆಯ ಹೆಜ್ಜೆಯನ್ನು ಮೊದಲು ಇಟ್ಟು ಉಳಿದ ಆರನ್ನು ಆಮೇಲೆ ಇಟ್ಟವರು.

ಕೊನೆಯಲ್ಲಿ ಅದೇ ಸೋಫಾದ ಮೇಲೆ ಅವರಿಬ್ಬರೂ ಕೂತಿದ್ದಾರೆ. ಮದುವೆಗೆ ಹಿಡಿದದ್ದು ಮೂರೇ ತಿಂಗಳು ಎಂದು ಒಬ್ಬರು ಹೇಳಿದರೆ, ಹನ್ನೆರಡು ವರ್ಷ ಮೂರು ತಿಂಗಳು ಎಂದು ಇನ್ನೊಬ್ಬರು ತಿದ್ದುತ್ತಾರೆ. ಮದುವೆಯ ಕೇಕಿಗೂ ಚಾಕೊಲೇಟ್ ಸಾಸ್ ಪಕ್ಕದಲ್ಲಿ ಬೇರೆಯಾಗಿಯೇ ಇತ್ತಂತೆ! ಅದಕ್ಕೂ ಸ್ವಲ್ಪ ಮೊದಲು, ಹೊಸ ವರ್ಷದ ರಾತ್ರಿ, ಎಲ್ಲರೂ ‘ಆಲ್ಡ್ ಲ್ಯಾಂಗ್ ಸೈನ್’ ಹಾಡುತ್ತಿರುವಾಗ ಹ್ಯಾರಿ ಒಂದು ಸಂದೇಹ ಎತ್ತುತ್ತಾನೆ. ಈ ಹಾಡಿನ ಅರ್ಥವೇ ತನಗೆ ಗೊತ್ತಿಲ್ಲ, ಹಳೆಯ ಪರಿಚಯಸ್ಥರನ್ನು ಮರೆಯಬೇಕು ಎಂದೋ, ಮರೆತಿದ್ದರೆ ನೆನೆಯಬೇಕು ಎಂದೋ ಎಂದು ಕೇಳುತ್ತಾನೆ. ಸ್ಯಾಲಿ ಕಣ್ಣೀರಿನ ನಡುವೆಯೇ ಉತ್ತರಿಸುತ್ತಾಳೆ. ಏನೇ ಇರಲಿ, ಅದು ಹಳೆಯ ಸ್ನೇಹಿತರ ಬಗೆಗಿನ ಹಾಡು ಎನ್ನುತ್ತಾಳೆ.

ಚಿತ್ರ ಇನ್ನೇನು ಆರಂಭವಾಗುತ್ತದೆ. ಡೆಲಿಯ ದೃಶ್ಯಕ್ಕೆ ನಗಲು ಯಾರೂ ಹೇಳಿಕೊಡಬೇಕಿಲ್ಲ. ಆ ಎರಡು ಕ್ರಿಸ್‌ಮಸ್ ಮರಗಳನ್ನು ಮಾತ್ರ ಮರೆಯದೆ ನೋಡಿ. ಮೊದಲನೆಯದನ್ನು ಇಬ್ಬರು ಹೊರುತ್ತಾರೆ, ಎರಡನೆಯದನ್ನು ಒಬ್ಬಳು.